ಗಂಟಲಿಗೆ ಗುಂಡು, ಬೆನ್ನಿಗೆ ಪೊಲೀಸರು

ಜಾರ್ಜ್ ಆರ್ವೆಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ‘ಅನಿಮಲ್ ಫಾರ್ಮ್’ ನೆನಪಾಗುತ್ತದೆ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಈ ಲೇಖಕ ಸ್ಪೇನಿನ ಅಂತರ್ಯುದ್ಧದಲ್ಲಿ ಸ್ವಯಂಸೇವಕನಾಗಿ ಕಾದಾಡಿ ಬರೆದ ‘ಹೋಮೇಜ್ ಟು ಕೆಟಲೋನಿಯಾ’ (1938) ಅದಕ್ಕಿಂತ ಮೇಲಾದ ಕೃತಿಯೆಂದು ನಮ್ಮ ಎಣಿಕೆ.

1936ರ ಡಿಸೆಂಬರಿನಲ್ಲಿ ಬಾರ್ಸಿಲೋನಾ ಸೇರಿದ ಆರ್ವೆಲ್, ಫ್ರಾಂಕೋನ ಬಂಡಾಯದ ವಿರುದ್ಧ ಸರ್ಕಾರದ ಪರವಾಗಿ ಹೋರಾಡುತ್ತಿದ್ದ ಪಿ.ಒ.ಯು.ಎಂ. ಎಂಬ ಸಣ್ಣ ಎಡಪಕ್ಷದ ಜನಪಡೆಗೆ ಸೇರಿದ. ಅಲ್ಲಿ ಸಿಕ್ಕಿದ್ದು 1896ರ ತುಕ್ಕು ಹಿಡಿದ ಬಂದೂಕು, ಚಳಿ, ಹೇನು. 1937ರ ಮೇ 20ರಂದು ಹ್ವೆಸ್ಕಾ ಬಳಿ ಗುಂಡೊಂದು ಅವನ ಕತ್ತನ್ನು ತೂರಿಹೋಯಿತು. ಮಾತು ಇನ್ನು ಬಾರದೆಂದು ವೈದ್ಯನೊಬ್ಬ ಹೇಳಿದ. ಮುಂದೆ ಅದು ಬಂದಿತು. ಕತ್ತಿಗೆ ಗುಂಡು ಬಿದ್ದೂ ಬದುಕಿದವನು ಮಹಾ ಅದೃಷ್ಟವಂತನೆಂದು ಎಲ್ಲರೂ ಹೇಳುವಾಗ, ಗುಂಡೇ ಬೀಳದಿದ್ದರೆ ಇನ್ನೂ ಅದೃಷ್ಟವಲ್ಲವೇ ಎಂದು ಅವನಿಗೆ ತೋರುತ್ತದೆ. ಗಾಯವನ್ನು ಪದಕದಂತೆ ತೋರಿಸದ ಈ ಗುಣವೇ ಗ್ರಂಥದ ಜೀವಾಳ.

ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಅದೇ ಸರ್ಕಾರ ಅವನ ಪಕ್ಷವನ್ನು ದ್ರೋಹಿಯೆಂದು ನಿಷೇಧಿಸಿತ್ತು. ಸಂಗಾತಿಗಳು ಸೆರೆಮನೆಯಲ್ಲಿದ್ದರು, ಅವನು ರಾತ್ರಿಗಳನ್ನು ಬಯಲಿನಲ್ಲಿ, ಪಾಳುಗೋಡೆಗಳ ಮರೆಯಲ್ಲಿ ಕಳೆದ. ಆದರೂ ಬಂಧನದಲ್ಲಿದ್ದ ದಳಪತಿ ಜಾರ್ಜ್ ಕೊಪ್‌ನನ್ನು ಕಾಣಲು ಸೆರೆಮನೆಗೇ ಹೋದ; ಅವನ ಬಿಡುಗಡೆಗೆ ನೆರವಾಗಬಹುದಾದ ಪತ್ರವೊಂದಕ್ಕಾಗಿ ಸೈನ್ಯದ ಕಚೇರಿಗೆ ಅಲೆದ. ಅಲ್ಲಿಯ ಕಿರಿಯ ಅಧಿಕಾರಿ ಇವನ ಪಕ್ಷ ಯಾವುದೆಂದು ತಿಳಿದೂ, ಪೊಲೀಸರ ವಶದಲ್ಲಿದ್ದ ಪತ್ರವನ್ನು ಬಿಡಿಸಿಕೊಟ್ಟು, ಪೊಲೀಸರೆದುರೇ ಕೈಕುಲುಕಿದ. ಪತ್ರದಿಂದ ಕೊಪ್ ಬಿಡುಗಡೆಯಾಗಲಿಲ್ಲ. ಆದರೆ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಆ ಕೈಕುಲುಕಿನ ಬೆಲೆ ಗೊತ್ತು.

ಪಕ್ಷಗಳ ಜಗಳವನ್ನು ವಿವರಿಸುವ ಎರಡು ಅಧ್ಯಾಯಗಳು ಕಥೆಗೆ ಅಡ್ಡಿಯೆಂಬ ಆಕ್ಷೇಪವುಂಟು. ಲೇಖಕನ ಇಚ್ಛೆಯಂತೆಯೇ 1986ರ ಆವೃತ್ತಿಯಲ್ಲಿ ಅವನ್ನು ಅನುಬಂಧಕ್ಕೆ ಸರಿಸಲಾಯಿತು. ನಾವಿದನ್ನು ಒಪ್ಪಲಾರೆವು. ಗಾಯಗೊಂಡವನನ್ನು ಅವನ ಪಾಳೆಯದವರೇ ಏಕೆ ಬೇಟೆಯಾಡಿದರೆಂಬುದು ತಿಳಿಯದಿದ್ದರೆ ಉಳಿಯುವುದು ಬರಿಯ ಸಾಹಸಕಥೆ. ನಿಜವಾದ ಕೊರತೆ ಬೇರೆ. ಹೋಟೆಲಿನ ಮೊಗಸಾಲೆಯಲ್ಲೇ ತಡೆದು, ಬಂಧನದ ಸುದ್ದಿ ಹೇಳಿ ಅವನನ್ನು ಉಳಿಸಿದ ಪತ್ನಿ ಐಲೀನ್ ಬಾರ್ಸಿಲೋನಾದಲ್ಲೇ ಕೆಲಸ ಮಾಡುತ್ತಿದ್ದಳು. ಗ್ರಂಥದಲ್ಲಿ ಆಕೆ ಬರಿಯ ‘ನನ್ನ ಹೆಂಡತಿ’, ಹೆಸರೇ ಇಲ್ಲ. ಅನಾಮಿಕ ಸೈನಿಕನೊಬ್ಬನ ಮುಖವನ್ನು ಮೊದಲ ಪುಟದಲ್ಲೇ ಅಷ್ಟು ಪ್ರೀತಿಯಿಂದ ಚಿತ್ರಿಸಿದವನಿಗೆ ಇದು ತಕ್ಕುದಲ್ಲ.

ಮೊದಲ ಮುದ್ರಣದ 1,500 ಪ್ರತಿಗಳು ಲೇಖಕ ತೀರಿಕೊಂಡ 1950ರವರೆಗೂ ಮುಗಿದಿರಲಿಲ್ಲ. ತಾನು ಕಂಡದ್ದು ಒಂದು ಮೂಲೆ ಮಾತ್ರ, ತನ್ನ ಪಕ್ಷಪಾತದ ಬಗೆಗೂ ಎಚ್ಚರವಿರಲಿ ಎಂದು ಆರ್ವೆಲ್ ಓದುಗನಿಗೆ ಹೇಳುತ್ತಾನೆ. ಯುದ್ಧದ ಸುದ್ದಿಗಳನ್ನು ಓದುವ ನಮ್ಮ ಮಕ್ಕಳ ಕೈಗೆ ಈ ಪುಸ್ತಕವನ್ನಿಡಲು ಆ ಒಂದು ಮಾತೇ ಸಾಕು.