ಮೀನು ಕೊನೆಗೆ ಬರಲಿ

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬಹುದೇ? ಖಂಡಿತ ಇಡಬಹುದು. ನನ್ನ ತಕರಾರು ಇರುವುದು ಹೊಸಬರಿಗೆ ಸಾಮಾನ್ಯವಾಗಿ ಹೇಳಿಕೊಡುವ ಕ್ರಮದ ಬಗ್ಗೆ. ನೂರು ಲೀಟರಿನ ತೊಟ್ಟಿ, ಒಂದು ಪೊಟ್ಟಣ ಉಪ್ಪು, ಅದೇ ವಾರ ಒಂದು ಜೊತೆ ಕ್ಲೌನ್‌ಫಿಶ್, ಒಂದು ಬ್ಲೂ ಟ್ಯಾಂಗ್, ಮೇಲೊಂದು ಅನಿಮೋನ್. ‘ಫೈಂಡಿಂಗ್ ನೀಮೋ’ ನೋಡಿದ ಮಕ್ಕಳು ಕುಣಿದಾಡುತ್ತಾರೆ. ಮೀನಿನ ಪಾಲಿಗೆ ಮಾತ್ರ ಇದು ಹಿಂಸೆ.

ಬ್ಲೂ ಟ್ಯಾಂಗ್ ಬೆಳೆದರೆ ಹತ್ತಿರ ಹತ್ತಿರ ಒಂದಡಿ. ದಿನವಿಡೀ ಈಜುವ ಜಾತಿ. ನೂರು ಲೀಟರ್ ಅದಕ್ಕೆ ಯಾವ ಮೂಲೆಗೆ? ಅನಿಮೋನ್‌ಗೆ ಪ್ರಖರ ಬೆಳಕೂ ತಿಂಗಳುಗಟ್ಟಲೆ ಹದಗೊಂಡ ನೀರೂ ಬೇಕು. ಅನಿಮೋನ್ ಇಲ್ಲದೆಯೂ ಕ್ಲೌನ್ ಸುಖವಾಗಿ ಬಾಳುತ್ತದೆ. ಡ್ಯಾಮ್ಸೆಲ್ ಗಟ್ಟಿ ಪಿಂಡ ಎಂದು ಮೊದಲು ಬಿಟ್ಟರೆ, ಆಮೇಲೆ ಬಂದವರನ್ನೆಲ್ಲ ಅದು ಕಚ್ಚಿ ಓಡಿಸುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಅವಸರ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ನೆಲೆಯೂರಲು ಸುಮಾರು 4ರಿಂದ 6 ವಾರ ಬೇಕು. ವಿದೇಶಿ ಕೈಪಿಡಿಗಳು ಇದಕ್ಕೆ ‘ಲೈವ್ ರಾಕ್’, ಅಂದರೆ ಜೀವಿಗಳು ನೆಲೆಸಿದ ಹವಳದ ಕಲ್ಲು, ಹಾಕಿ ಎನ್ನುತ್ತವೆ. ನಮ್ಮಲ್ಲಿ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹವಳದ ಕಲ್ಲನ್ನು ಮುಟ್ಟಲೇಬಾರದು. ಸೆರಾಮಿಕ್ ಕಲ್ಲು ಸಾಕು, ತುಸು ನಿಧಾನ ಅಷ್ಟೇ.

ಕಾಫಿ ಸೀಮೆಯವರು ವಿಶೇಷವಾಗಿ ಹೆದರಬೇಕಾದದ್ದು ಮೈಲುತುತ್ತಕ್ಕೆ. ಮಳೆ ಹಿಡಿಯುವ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ ಹೊಡೆಯುವುದು ಇಲ್ಲಿನ ವಾಡಿಕೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, ಜೊತೆಗೆ ಸುಣ್ಣ. ಡ್ರಮ್ಮಿನ ಒಳಮೈಗೆ ಅಂಟಿ ಒಣಗಿದ ಆ ತಿಳಿನೀಲಿ ಪದರ ಎಷ್ಟು ಉಜ್ಜಿದರೂ ಪೂರ್ತಿ ಹೋಗದು. ಅದೇ ಡ್ರಮ್ಮಿನಲ್ಲಿ ಉಪ್ಪು ಕಲಸಿದರೆ ಮೀನು ಹೇಗೋ ತಡೆದುಕೊಂಡೀತು, ಸೀಗಡಿ ಮತ್ತು ಬಸವನಹುಳು ಉಳಿಯವು. ಮೈಲುತುತ್ತದಲ್ಲಿರುವ ತಾಮ್ರ ಅವಕ್ಕೆ ಎಳ್ಳಷ್ಟಿದ್ದರೂ ವಿಷ. ಅದು ಕಲ್ಲಿಗೆ ಇಳಿದರೆ ಕಲ್ಲು ಅದನ್ನು ಬಹುಕಾಲ ನೀರಿಗೆ ಬಿಡುತ್ತಲೇ ಇರುತ್ತದೆ. ತೊಟ್ಟಿಗೆಂದೇ ಹೊಸ ಬಕೆಟ್ ಇಟ್ಟುಕೊಳ್ಳಿ. ತೋಟದ ಕೆಲಸದವರಿಗೂ ಹೇಳಿಡಿ.

ಆಷಾಢದಲ್ಲಿ ಮರ ಬಿದ್ದು ಲೈನು ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಪಂಪ್ ನಿಂತರೆ ಉಸಿರು ಕಟ್ಟುತ್ತದೆ, ಹೀಟರ್ ನಿಂತರೆ 25 ಡಿಗ್ರಿಯ ನೀರು ತಣ್ಣಗಾಗುತ್ತದೆ. ಆದ್ದರಿಂದ ಮೊದಲು ಬ್ಯಾಟರಿಯ ಏರ್ ಪಂಪ್, ಆಮೇಲೆ ಮೀನು. ಮೀನು ಕಡಿಮೆಯಿದ್ದಷ್ಟೂ ಆಮ್ಲಜನಕ ಹೆಚ್ಚು ಹೊತ್ತು ಬರುತ್ತದೆ.

ಹಾಗಾದರೆ ಏನು ಬಿಡಬೇಕು? ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದರಿಂದ ಕಡಲಿನಿಂದ ಹಿಡಿದು ತರಬೇಕಾದ ಅಗತ್ಯವೇ ಇಲ್ಲ. ಇಂಥವು ಗಾಜಿಗೂ ಗುಳಿಗೆಯ ಆಹಾರಕ್ಕೂ ಒಗ್ಗಿರುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಕ್ಲೌನ್‌ಗಳೆಲ್ಲ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ತಿಂಗಳು ಬಿಟ್ಟು ಒಂದು ಪುಟ್ಟ ಗೋಬಿ ಮೀನು, ನೀರು ಹದವಾಗಿ ನಿಂತ ಮೇಲೆ ಒಂದು ಕ್ಲೀನರ್ ಸೀಗಡಿ. ನೂರು ಲೀಟರಿಗೆ ಇಷ್ಟೇ ತುಂಬು ಸಂಸಾರ.