ಕೋಬಾಲ್ ಎಂಬ ಗದ್ಯ

ಕಥೆ, ಕವಿತೆ, ಕಾದಂಬರಿಗಳಿಗೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಂಪ್ಯೂಟರಿಗೆ ಬರೆದ ಪ್ರೋಗ್ರಾಮನ್ನು ಬರವಣಿಗೆಯೆಂದು ಓದಿ, ಇದು ಚೆನ್ನ, ಇದು ಚೆನ್ನಲ್ಲ ಎನ್ನುವವರು ಕಡಿಮೆ. ಅದನ್ನು ನಡೆಸುವುದು ಯಂತ್ರ, ನಿಜ. ಆದರೆ ನಾಳೆ ಅದನ್ನು ತಿದ್ದಬೇಕಾದವರು ಮನುಷ್ಯರು. ಬಹಳ ಸಲ ಬರೆದವರಲ್ಲ, ಬೇರೆ ಯಾರೋ. ಬ್ಯಾಂಕು, ವಿಮೆ, ಪಿಂಚಣಿಗಳ ಲೆಕ್ಕಕ್ಕೆಂದೇ ಹುಟ್ಟಿದ ಕೋಬಾಲ್ ಭಾಷೆಯನ್ನು ಒಂದು ಗದ್ಯಶೈಲಿಯೆಂದು ಭಾವಿಸಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಕಂಪ್ಯೂಟರ್ ಕಲಿಯದವರೂ ಧೈರ್ಯವಾಗಿ ಓದಬಹುದು.

ಈ ಭಾಷೆಯ ತವರು ಅಮೆರಿಕ. ಅಲ್ಲಿ 1950ರ ದಶಕದಲ್ಲಿ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ. ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರದ ಭಾಷೆ ಬೇಕೆಂದು 1959ರಲ್ಲಿ ಒತ್ತಾಯಿಸಿದವರು ಮೇರಿ ಹಾವ್ಸ್. ಅದರ ಮೊದಲ ರೂಪವನ್ನು ಮುಗಿಸಿಕೊಟ್ಟ ಆರು ಜನರಲ್ಲಿ ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ ಎಂಬ ಇಬ್ಬರು ಹೆಂಗಸರು. ಇವರಿಗೆಲ್ಲ ದಾರಿ ಹಾಕಿಕೊಟ್ಟದ್ದು ಗ್ರೇಸ್ ಹಾಪರ್ ಅವರ ಫ್ಲೋಮ್ಯಾಟಿಕ್ ಭಾಷೆ. ವ್ಯಾಪಾರ, ಕಚೇರಿಗಳ ಜನಕ್ಕೆ ಬೀಜಗಣಿತದ ಚಿಹ್ನೆ ಬೇಡ, ಮಾತು ಬೇಕು ಎಂಬುದು ಹಾಪರ್ ಅವರ ವಾದ.

ಅವರು ಹೇಳಿಕೊಂಡ ಒಂದು ಪ್ರಸಂಗವುಂಟು. ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಮನ್ನು ತೋರಿಸಿ, ಅದನ್ನೇ ಫ್ರೆಂಚ್, ಜರ್ಮನ್ ಪದಗಳಲ್ಲೂ ನಡೆಸಿ ತೋರಿಸಿದರಂತೆ. ಮೆಚ್ಚುತ್ತಾರೆ ಎಂದುಕೊಂಡರೆ ಮೇಲಿನವರು ಗಾಬರಿಯಾದರಂತೆ! ಫಿಲಡೆಲ್ಫಿಯಾದಲ್ಲಿ ಕಟ್ಟಿದ ಅಮೆರಿಕದ ಯಂತ್ರಕ್ಕೆ ಫ್ರೆಂಚ್ ಹೇಗೆ ತಿಳಿದೀತು ಎಂದು. ಇಂಗ್ಲಿಷ್ ಒಂದೇ ಸಾಕೆಂದು ಅವರನ್ನು ಸಮಾಧಾನಪಡಿಸಲು ತಿಂಗಳುಗಳೇ ಹಿಡಿದವು. ನಗು ಬಂದರೂ ಪಾಠ ದೊಡ್ಡದು. ಯಂತ್ರಕ್ಕೆ ಇಂಗ್ಲಿಷೂ ಒಂದೇ, ಫ್ರೆಂಚೂ ಒಂದೇ, ಕನ್ನಡವೂ ಒಂದೇ. ಪದಗಳಿರುವುದು ಓದುವವರಿಗಾಗಿ.

ಕೋಬಾಲಿನ ಒಂದು ವಾಕ್ಯ ನೋಡಿ: ‘ಮಲ್ಟಿಪ್ಲೈ ಪ್ರೈಸ್ ಬೈ ಕ್ವಾಂಟಿಟಿ ಗಿವಿಂಗ್ ಟೋಟಲ್.’ ಅಂಗಡಿ ಲೆಕ್ಕ ಬಲ್ಲ ಯಾರಿಗೂ ಅರ್ಥವಾಗುತ್ತದೆ. ಹೀಗಾಗಿಯೇ, ಪ್ರೋಗ್ರಾಂ ಬಾರದ ಮ್ಯಾನೇಜರೂ ಇದನ್ನು ಓದಬಲ್ಲ ಎಂಬ ಆಸೆ ಹುಟ್ಟಿತು. ನನ್ನ ತಕರಾರು ಇಲ್ಲೇ. ಒಂದು ವಾಕ್ಯ ತಿಳಿದ ಮಾತ್ರಕ್ಕೆ ಪುಸ್ತಕ ತಿಳಿದಂತಲ್ಲ.

ಹಳೆಯ ಕೋಬಾಲಿನಲ್ಲಿ ‘ಆಲ್ಟರ್’ ಎಂಬ ಆಜ್ಞೆ ಇತ್ತು. ಒಂದು ಕಡೆ ‘ಇಂಥಲ್ಲಿಗೆ ಹೋಗು’ ಎಂದು ಬರೆದಿರುತ್ತದೆ. ಇನ್ನೆಲ್ಲೋ ಕುಳಿತ ಆಲ್ಟರ್ ಆ ಗುರಿಯನ್ನೇ ಬದಲಿಸಿಬಿಡುತ್ತದೆ. ಧಾರವಾಡದ ದಾರಿಯನ್ನು ರಾತ್ರೋರಾತ್ರಿ ಗದಗಿಗೆ ತಿರುಗಿಸಿ, ಕೈಮರದ ಹಲಗೆಯನ್ನು ಮಾತ್ರ ಹಾಗೇ ಬಿಟ್ಟಂತೆ! 2002ರ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು.

ಇನ್ನು ಪೂರ್ಣವಿರಾಮ. ‘ವಯಸ್ಸು 60 ದಾಟಿದ್ದರೆ ಈ ಎರಡು ಕೆಲಸ ಮಾಡು’ ಎನ್ನುವ ಕಡೆ ಮೊದಲ ಕೆಲಸದ ಮುಂದೆ ಒಂದು ಚುಕ್ಕಿ ಬಿದ್ದರೆ, ಷರತ್ತು ಅಲ್ಲಿಗೇ ಮುಗಿಯಿತು. ಎರಡನೆಯದು ಹದಿನೆಂಟರವರಿಗೂ ನಡೆಯುತ್ತದೆ. ಸಾಲುಗಳನ್ನು ಎಷ್ಟು ಅಂದವಾಗಿ ಒಳಕ್ಕೆ ಸರಿಸಿ ಬರೆದಿದ್ದರೂ ಯಂತ್ರ ನೋಡುವುದು ಚುಕ್ಕಿಯನ್ನೇ. 1985ರ ಆವೃತ್ತಿ ‘ಎಂಡ್ ಇಫ್’ ಎಂಬ ಮುಕ್ತಾಯದ ಪದ ಕೊಟ್ಟ ಮೇಲೆ ಈ ಕಾಟ ತಗ್ಗಿತು.

ಆದರೆ ಈ ಭಾಷೆಯನ್ನು ಬರೀ ಬೈಯುವುದು ನ್ಯಾಯವಲ್ಲ. ಹಾಲೆಂಡಿನ ಪ್ರಸಿದ್ಧ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲಿ, ಕೋಬಾಲ್ ಮನಸ್ಸನ್ನೇ ಊನಗೊಳಿಸುತ್ತದೆ, ಕಲಿಸುವುದು ಅಪರಾಧವೆನಿಸಬೇಕು ಎಂದು ಬರೆದರು. ವಿದ್ವಾಂಸರ ಈ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಒಂದೇ ಉದಾಹರಣೆ ಸಾಕು. ಅರ್ಜಿದಾರಳು ವಿಧವೆಯೇ ಎಂದು ನೋಡಬೇಕು ಎನ್ನಿ. ಒಬ್ಬ ‘ಕೋಡ್ 3 ಆಗಿದ್ದರೆ’ ಎಂದು ಬರೆಯುತ್ತಾನೆ. ಮೂರು ಎಂದರೇನೆಂದು ಬರೆದವನಿಗೇ ಗೊತ್ತು. ಕೋಬಾಲಿನಲ್ಲಿ ‘88’ ಎಂಬ ಮಟ್ಟದ ಘೋಷಣೆಯಿಂದ ಆ ಮೂರಕ್ಕೆ ‘ವಿಡೋ’ ಎಂದು ಹೆಸರಿಡಬಹುದು. ಆಮೇಲೆ ‘ಇಫ್ ವಿಡೋ’ ಎಂದರಾಯಿತು. ಒಂದು ಹೆಸರಿಗೆ 30 ಅಕ್ಷರಗಳವರೆಗೆ ಜಾಗವೂ ಇತ್ತು. ಸೌಲಭ್ಯ ಭಾಷೆಯದು, ಬಳಸುವ ಸೌಜನ್ಯ ಬರೆಯುವವರದು. ‘ಎಕ್ಸ್ 1’, ‘ಎಕ್ಸ್ 2’ ಎಂದು ಹೆಸರಿಟ್ಟು ಕೈತೊಳೆದುಕೊಂಡವರ ಸೋಮಾರಿತನಕ್ಕೆ ಭಾಷೆಯನ್ನು ದೂರಿ ಏನು ಫಲ?

ಇದರ ಬೆಲೆ 2000ನೇ ಇಸವಿ ಹತ್ತಿರ ಬಂದಾಗ ತಿಳಿಯಿತು. ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡೇ ಅಂಕಿ ಇಟ್ಟಿದ್ದ ಪ್ರೋಗ್ರಾಮುಗಳು 2000ವನ್ನು 1900 ಎಂದು ತಿಳಿಯುವ ಭಯ. ಅವನ್ನು ತಿದ್ದುವ ಕೆಲಸದ ದೊಡ್ಡ ಪಾಲು ಭಾರತಕ್ಕೆ, ನಮ್ಮ ಬೆಂಗಳೂರಿಗೂ ಬಂತು. ಕಡಲಾಚೆ ಯಾರೋ ಬರೆದಿಟ್ಟ ಸಾವಿರಾರು ಸಾಲುಗಳನ್ನು ನಮ್ಮ ಹುಡುಗ ಹುಡುಗಿಯರು ಹಗಲಿರುಳು ಓದಿದರು. ‘ಬರ್ತ್ ಡೇಟ್’ ಎಂದು ಹೆಸರಿದ್ದ ಕಡೆ ಹುಡುಕುವುದು ಸುಲಭ. ‘ಎಕ್ಸ್ 1’ರ ಹೊಟ್ಟೆಯಲ್ಲಿ ಯಾರದೋ ಹುಟ್ಟಿದ ದಿನ ಅಡಗಿದ್ದರೆ ಸಾಲು ಸಾಲು ಶೋಧಿಸಬೇಕು.

ಅಲ್ಲಿಗೂ ಮುಗಿಯಲಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗೆ ಮುಗಿಬಿದ್ದಾಗ, ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಬೇಕಾಯಿತು. ಒಂದು ಪ್ರೋಗ್ರಾಂ ಓದಲು ಬಾರದಿದ್ದರೆ ನಷ್ಟ ಕಂಪನಿಗೆ ಮಾತ್ರವಲ್ಲ, ಆ ದುಡ್ಡಿಗೆ ಕಾದು ಕುಳಿತ ಮನೆಗಳಿಗೂ ಹೌದು.

ನಿಮ್ಮ ಮಗಳೋ ಸೊಸೆಯೋ ಕಂಪ್ಯೂಟರ್ ಕೆಲಸದಲ್ಲಿದ್ದರೆ, ಯಾವ ಭಾಷೆಯಲ್ಲಿ ಬರೆಯುತ್ತಾಳೆ ಎಂದು ಕೇಳುವುದರ ಜೊತೆಗೆ, ಅವಳು ಬರೆದದ್ದನ್ನು ಮುಂದೆ ಯಾರು ಓದುತ್ತಾರೆ ಎಂದೂ ಕೇಳಿ. ಅವಳು ಒಂದು ಗಳಿಗೆ ಯೋಚಿಸಿ ‘ಎಕ್ಸ್ 1’ ಅಳಿಸಿ ಒಂದು ಒಳ್ಳೆಯ ಹೆಸರಿಟ್ಟರೆ, ನಾನು ಇಷ್ಟು ಬರೆದದ್ದು ಸಾರ್ಥಕ.