'ಬೇಕು' ಅಂದರೆ ಸಾಕೇ?

ಬೆಂಗಳೂರಿನ ಹೊರವಲಯದಲ್ಲಿ ಯಾವ ದಿಕ್ಕಿಗೆ ಹೋದರೂ ಒಂದು ಬೇಡಿಕೆ ಸಾಮಾನ್ಯ. ನಮ್ಮ ಏರಿಯಾಗೂ ಮೆಟ್ರೋ ಬೇಕು, ಇಲ್ಲೊಂದು ಸ್ಟೇಷನ್ ಬೇಕು, ಲೈನು ಇನ್ನು ನಾಲ್ಕು ಕಿಲೋಮೀಟರ್ ಮುಂದೆ ಬರಬೇಕು. ಈ ಬೇಡಿಕೆ ತಪ್ಪು ಅಂತ ನಾನು ಹೇಳ್ತಿಲ್ಲ. ಊರು ಬೆಳೆದ ಕಡೆಗೆಲ್ಲ ಫ್ಲೈಓವರ್ ಕಟ್ಟಿಕೊಂಡು ಹೋದರೆ ಏನಾಗತ್ತೆ ಅಂತ ದಿನಾ ಬೆಳಿಗ್ಗೆ ಎಲ್ಲರೂ ನೋಡ್ತಾನೇ ಇದೀವಿ. ನನ್ನ ತಕರಾರು ಇರೋದು ಆ ಬೇಡಿಕೆಯನ್ನು ನಾವು ಬರೆಯುವ ರೀತಿಯ ಬಗ್ಗೆ. ನಾವು ಹಳಿ ಕೇಳ್ತೀವಿ, ನಿಲ್ದಾಣ ಕೇಳ್ತೀವಿ. ರೈಲು ಎಷ್ಟು ನಿಮಿಷಕ್ಕೊಂದು, ಟಿಕೆಟ್ ಎಷ್ಟು, ಬೆಳಿಗ್ಗೆ ಮೊದಲನೆಯದು ಎಷ್ಟು ಗಂಟೆಗೆ ಅನ್ನೋದನ್ನ ಕೇಳೋದಿಲ್ಲ.

ನಮ್ಮ ಊರಿನ ಅತ್ಯುತ್ತಮ ಚಳವಳಿಯನ್ನೇ ತಗೊಳ್ಳಿ. 2016ರ ಅಕ್ಟೋಬರ್‌ನಲ್ಲಿ ಜನ ಬೀದಿಗಿಳಿದು, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಆಗಬೇಕಿದ್ದ ಸ್ಟೀಲ್ ಫ್ಲೈಓವರ್ ಬೇಡ ಅಂದರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ಹುಮ್ಮಸ್ಸಿನಲ್ಲಿ, 2016ರ ಡಿಸೆಂಬರ್‌ನಲ್ಲಿ ಹುಟ್ಟಿದ್ದು 'ಚುಕುಬುಕು ಬೇಕು'. ಎಷ್ಟು ಚೆಂದದ ಮಾತು ನೋಡಿ! ಮಗುವಿನ ಬಾಯಲ್ಲಿ ಬರುವ ಪದ, ಅಜ್ಜಿಗೂ ಅರ್ಥ ಆಗುತ್ತೆ. ವಾದವೂ ಗಟ್ಟಿಯಾಗಿತ್ತು: ಬ್ರಿಟಿಷರ ಕಾಲದಿಂದ ಊರಿನ ನಾಲ್ಕೂ ದಿಕ್ಕಿಗೆ ಹಳಿ ಬಿದ್ದಿದೆ, ಅದರ ಮೇಲೆ ಲೋಕಲ್ ರೈಲು ಓಡಿಸಿ, ಮೆಟ್ರೋಗಿಂತ ಅಗ್ಗ, ದೂರದ ಬಡಾವಣೆಗೂ ತಲುಪುತ್ತೆ. ಈ ವಿಚಾರ 1983ರಲ್ಲೇ ಕಾಗದದ ಮೇಲೆ ಬಂದಿತ್ತು. ವರ್ಷಾನುಗಟ್ಟಲೆ ಇದರ ಬೆನ್ನು ಬಿದ್ದಿದ್ದ ಕೆಲವರು ಟೈಮ್‌ಟೇಬಲ್ ಸಮೇತ ಲೆಕ್ಕ ಹಾಕಿಟ್ಟಿದ್ದೂ ಉಂಟು. ಆದರೆ ಬೀದಿಗೆ ಬಂದದ್ದು ಘೋಷಣೆ. ಲೆಕ್ಕ ವರದಿಯೊಳಗೇ ಉಳಿಯಿತು.

ಆಮೇಲೆ ಆಗಿದ್ದು ಗೊತ್ತೇ ಇದೆ. 2018ರ ಕೇಂದ್ರ ಬಜೆಟ್‌ನಲ್ಲಿ ಯೋಜನೆಯ ಪ್ರಸ್ತಾಪ ಬಂತು. 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು: 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳ ಮಾತು ಕೊಟ್ಟರು. ನಾಲ್ಕು ಮಾರ್ಗಕ್ಕೆ ನಾಲ್ಕು ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2025ರ ಅಕ್ಟೋಬರ್‌ಗೆ ಆ 40 ತಿಂಗಳು ಮುಗಿದಾಗ ಒಂದು ಹೂವೂ ಅರಳಿರಲಿಲ್ಲ.

ವಿಳಂಬಕ್ಕೆ ಭೂಸ್ವಾಧೀನ, ಗುತ್ತಿಗೆ, ರೈಲ್ವೆ ಮತ್ತು ರಾಜ್ಯದ ಹಗ್ಗಜಗ್ಗಾಟ ಎಲ್ಲ ಕಾರಣವೇ. ಆದರೂ ಒಂದು ಮಾತು. 'ಬೇಕು' ಅನ್ನುವ ಬೇಡಿಕೆಯನ್ನು ಒಂದು ಘೋಷಣೆಯಿಂದ ತೀರಿಸಿಬಿಡಬಹುದು. "ಕೊಟ್ಟಿದ್ದೀವಲ್ಲ" ಅಂದರೆ ಮುಗೀತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನನಿತ್ಯದ ಪಾಠ. 'ಲಾಗಿನ್ ಪೇಜ್ ಬೇಕು' ಅಂತ ಮಾತ್ರ ಬರೆದುಕೊಟ್ಟರೆ ಪೇಜ್ ಬರುತ್ತೆ, ಟಿಕೆಟ್ ಕ್ಲೋಸ್ ಆಗುತ್ತೆ. ಯೂಸರ್ ಒಳಗೆ ಹೋಗೋಕೆ ಆಗುತ್ತಾ ಅಂತ ಯಾರೂ ನೋಡಿರಲ್ಲ. ಕೆಲಸ ಮುಗೀತು ಅನ್ನೋಕೆ ಏನೇನು ಆಗಿರಬೇಕು ಅಂತ ಮೊದಲೇ ಬರೆಯದಿದ್ದರೆ, ಮುಗೀತು ಅಂತ ಹೇಳುವ ಅಧಿಕಾರ ಮಾಡುವವನ ಕೈಗೇ ಹೋಗುತ್ತೆ.

ಹಾಗೆ ಮುಗಿದ ಒಂದು ಕೆಲಸ ದೇವನಹಳ್ಳಿ ಕಡೆಯ ಹಳಿ ಮೇಲಿದೆ. ವಿಮಾನ ನಿಲ್ದಾಣಕ್ಕೊಂದು ಹಾಲ್ಟ್ ಸ್ಟೇಷನ್ ಬೇಕು ಅಂತ ಕೇಳಿದರು, 2021ರ ಜನವರಿಯಲ್ಲಿ ಶುರುವಾಯ್ತು. ವಿಮಾನ ಹತ್ತುವವರನ್ನು ಬಿಡಿ, ಅಲ್ಲಿ ಕಸ ಗುಡಿಸುವವರು, ಲಗೇಜ್ ಎತ್ತುವವರು, ಸೆಕ್ಯುರಿಟಿಯವರು ಎಷ್ಟು ಜನ! ಅವರೆಲ್ಲ ಪಾಳಿಯಲ್ಲಿ ಬರುವವರು. ಓಡಿದ್ದು ದಿನಕ್ಕೆ ಬೆರಳೆಣಿಕೆಯ ರೈಲು. ಪಾಳಿಗೆ ಹೊಂದದ ರೈಲಿಗೆ ಜನ ಬರಲಿಲ್ಲ. ಜನ ಬರಲಿಲ್ಲ ಅಂತ ರೈಲು ಕಡಿಮೆಯಾದವು. ಸ್ಟೇಷನ್ ಮಾತ್ರ ಹಾಗೇ ಇದೆ.

ಮೆಟ್ರೋದಲ್ಲೂ ಇದೇ ಕತೆ. ನಾಗಸಂದ್ರದಿಂದ ಮಾದಾವರಕ್ಕೆ ಕೇವಲ 3.14 ಕಿಲೋಮೀಟರ್. ಗಣಿತ ಓದಿದವರು ನಗಬಹುದು, ಪೈ ಬೆಲೆ ಅಷ್ಟೇ. ಅದರ ದಶಮಾಂಶದ ಹಾಗೆ ಕಾಯೋದೂ ಮುಗಿಯಲಿಲ್ಲ. 2024ರ ನವೆಂಬರ್‌ಗೆ ಅಂತೂ ರೈಲು ಬಂತು. ಹೊಸೂರು ರಸ್ತೆಯ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣ ಎಲ್ಲ ಎದ್ದು ನಿಂತ ಮೇಲೂ ಬೋಗಿಗಳಿಗಾಗಿ ಕಾಯಬೇಕಾಯ್ತು. 2025ರ ಆಗಸ್ಟ್‌ನಲ್ಲಿ 19 ಕಿಲೋಮೀಟರಿನ, 16 ನಿಲ್ದಾಣಗಳ ಆ ಮಾರ್ಗ ತೆರೆದದ್ದು ಮೂರೇ ಮೂರು ರೈಲಿನೊಂದಿಗೆ, 25 ನಿಮಿಷಕ್ಕೊಂದರಂತೆ. ರೈಲು ಸೇರಿದ ಹಾಗೆ ಅಂತರ ಕಡಿಮೆಯಾಯ್ತು ನಿಜ. ಆದರೆ ಇಷ್ಟು ವರ್ಷ "ಲೈನ್ ಯಾವಾಗ?" ಅಂತ ಕೇಳಿದಷ್ಟು ಜೋರಾಗಿ "ಎಷ್ಟು ರೈಲು?" ಅಂತ ನಾವು ಕೇಳಿರಲಿಲ್ಲ.

ಇನ್ನು ದುಡ್ಡಿನ ವಿಷಯ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಗಲಾಟೆಯಾಗಿ ಕೆಲವು ಕಡೆ ಒಂದಿಷ್ಟು ಇಳಿಸಿದರು. ಈಗ ಹೆಬ್ಬಗೋಡಿ, ಬೊಮ್ಮಸಂದ್ರದ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳ ಜಾಗದಲ್ಲಿ ನಿಂತು ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಸಾಮಾನ್ಯ ಬಸ್ಸು ಉಚಿತ. ಮೆಟ್ರೋ ಒಂದು ಕಡೆಗೆ 50 ರೂಪಾಯಿ ಆದರೆ ಹೋಗಿ ಬರೋಕೆ 100, ತಿಂಗಳ 26 ದಿನಕ್ಕೆ 2,600. ಅವಳು ತಲೆ ಮೇಲೆ ಓಡುವ ರೈಲು ನೋಡುತ್ತಾ ಕೆಳಗೆ ಟ್ರಾಫಿಕ್‌ನಲ್ಲಿ ನಿಂತ ಬಸ್ಸಲ್ಲೇ ಇರ್ತಾಳೆ. ನಕ್ಷೆಯಲ್ಲಿ ಅವಳ ಏರಿಯಾಗೆ ಮೆಟ್ರೋ ಬಂದಿದೆ. ಅವಳಿಗೆ ಬಂದಿಲ್ಲ.

ಬೇಡಿಕೆ ಹೀಗೆ ಮೊಟಕಾಗೋದು ಯಾಕೆ? ಅದನ್ನು ಬರೆಯುವವರಲ್ಲಿ ನನ್ನಂಥವರೇ ಹೆಚ್ಚು. ಶನಿವಾರ ರಜಾ ಇರುವವರು, ಹತ್ತು ಗಂಟೆಗೆ ಆಫೀಸಿಗೆ ಹೋಗುವವರು, ಸ್ಟೇಷನ್‌ನಿಂದ ಮನೆಗೆ ಆಟೋ ಮಾಡಬಲ್ಲವರು. ನಮಗೆ ಲೈನ್ ಬಂದರೆ ಸಾಕು, ಉಳಿದದ್ದು ಹೇಗೋ ಆಗುತ್ತೆ.

ನಾನು ಬೆಳೆದ ಹಳ್ಳಿಯಲ್ಲಿ ಬಸ್ಸಿಗಾಗಿ ಅರ್ಜಿ ಬರೆಯೋದು ಬೇರೆ ಥರ ಇತ್ತು. 'ನಮ್ಮೂರಿಗೆ ಬಸ್ ಬೇಕು' ಅನ್ನೋದು ಬರೀ ಮೊದಲ ಸಾಲು. ಅಸಲು ವಿಷಯ ಅದರ ಕೆಳಗೆ ಇರ್ತಿತ್ತು: ಹೈಸ್ಕೂಲ್ ಮಕ್ಕಳು ಬೆಲ್ ಹೊಡೆಯೋ ಮುಂಚೆ ತಲುಪಬೇಕು, ಸಂತೆ ದಿನ ಮಧ್ಯಾಹ್ನ ಒಂದು ಟ್ರಿಪ್ ಜಾಸ್ತಿ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನೈಟ್ ಹಾಲ್ಟ್ ಬೇಕು. ಬಸ್ಸು ರಾತ್ರಿ ಊರಲ್ಲೇ ನಿಂತರೆ ತಾನೆ ಬೆಳಗ್ಗೆ ಆರಕ್ಕೆ ಹೊರಡೋದು! ಅರ್ಜಿ ಬರೆಯುವವರಿಗೆ ಬಸ್ಸಿನ ಸುಖ ಗೊತ್ತಿರಲಿಲ್ಲ, ಬಸ್ಸಿಲ್ಲದ ಕಷ್ಟ ಗಂಟೆ ಲೆಕ್ಕದಲ್ಲಿ ಗೊತ್ತಿತ್ತು.

ಬೆಂಗಳೂರಿಗೂ ಅಂಥ ಜನ ಇದ್ದಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನಕ್ಕೆ ಅನ್ನ ಸಿಕ್ಕಿದ್ದು ಬೆಂಗಳೂರಲ್ಲಿ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ರೈಲಿನಲ್ಲಿ ಬೆಳಿಗ್ಗೆ ಕಾಲಿಡೋಕೂ ಜಾಗ ಇರಲ್ಲ. ಸಬರ್ಬನ್ ರೈಲು ಅನ್ನೋ ಹೆಸರು ಬರುವ ಮುಂಚೆಯೇ ಅದನ್ನು ಬಳಸುತ್ತಿದ್ದವರು ಅವರು. ಅವರನ್ನು ಕೇಳಿದ್ದರೆ ಹೂವಿನ ಹೆಸರು ಹೇಳ್ತಿರಲಿಲ್ಲ. ಇನ್ನೆರಡು ಬೋಗಿ ಹಾಕಿ, ಟೈಮಿಗೆ ಸರಿಯಾಗಿ ಬಿಡಿ ಅಂತಿದ್ದರೇನೋ.

"ಮೊದಲು ಲೈನ್ ಬರಲಿ, ಆಮೇಲೆ ಇದನ್ನೆಲ್ಲ ಕೇಳೋಣ" ಅಂತ ಕೆಲವರು ಹೇಳ್ತಾರೆ. ಆಮೇಲೆ ಕೇಳೋಕೆ ಕೈಯಲ್ಲಿ ಏನಿರುತ್ತೆ? ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಬಸ್ ಪ್ರಯಾಣಿಕರ ಸಂಘ ಹಾಗೆ ಕಾಯಲಿಲ್ಲ. ರೈಲಿಗೆ ಹಣ ಸುರಿದು ಬಡವರ ಬಸ್ಸನ್ನು ಕಡೆಗಣಿಸಿದ್ದಾರೆ ಅಂತ 1994ರಲ್ಲಿ ಸಾರಿಗೆ ಸಂಸ್ಥೆಯ ವಿರುದ್ಧ ಕೋರ್ಟಿಗೆ ಹೋದರು. 1996ರ ಒಪ್ಪಂದದಲ್ಲಿ ಬಸ್ಸಿನಲ್ಲಿ ನಿಂತು ಹೋಗುವವರ ಸಂಖ್ಯೆಗೆ ಮಿತಿ ಬರೆಸಿಕೊಂಡರು, ಮಾಸಿಕ ಪಾಸ್ ಉಳಿಸಿಕೊಂಡರು. ಸಂಖ್ಯೆ ಕಾಗದದ ಮೇಲೆ ಇದ್ದಿದ್ದರಿಂದ ಕೊಟ್ಟಿದ್ದೀವಿ ಅಂತ ಬಾಯಿಮಾತಲ್ಲಿ ತೇಲಿಸೋಕೆ ಆಗಲಿಲ್ಲ.

ಮುಂದಿನ ಸಲ ನಿಮ್ಮ ಬಡಾವಣೆಯಲ್ಲಿ ಮೆಟ್ರೋಗಾಗಿ ಸಹಿ ಸಂಗ್ರಹಕ್ಕೆ ಬಂದರೆ ಖಂಡಿತ ಸಹಿ ಹಾಕಿ. ಹಾಕುವ ಮೊದಲು ಕೆಳಗೆ ಮೂರು ಸಾಲು ಸೇರಿಸಿ ಅಂತ ಹೇಳಿ: ಮೊದಲ ಮತ್ತು ಕೊನೆಯ ರೈಲು ಎಷ್ಟು ಗಂಟೆಗೆ, ಎಷ್ಟು ನಿಮಿಷಕ್ಕೊಂದು, ತಿಂಗಳ ಪಾಸ್ ಎಷ್ಟು ರೂಪಾಯಿಗೆ. ಉತ್ತರವನ್ನು ನೀವೇ ಬರೆಯಬೇಡಿ. ನಿಮ್ಮ ಅಪಾರ್ಟ್‌ಮೆಂಟಿಗೆ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬರ್ತಾರಲ್ಲ, ಅವರನ್ನು ಕೇಳಿ ತುಂಬಿಸಿ.